ಮಡಿಸಲು ಬಿಡದ ಎಲೆ

ವಾಷಿಂಗ್ಟನ್ ಯೂನಿವರ್ಸಿಟಿ ಇರುವುದು ರಾಜಧಾನಿ ವಾಷಿಂಗ್ಟನ್ನಿನಲ್ಲಿ ಎಂದುಕೊಂಡರೆ ತಪ್ಪಾದೀತು. ಅದು ಮಿಸಿಸಿಪಿ ನದಿ ದಂಡೆಯ ಸೇಂಟ್ ಲೂಯಿಸ್ ಊರಿನದು. ರಾಜಧಾನಿ ಅಲ್ಲಿಂದ ಸಾವಿರ ಕಿಲೋಮೀಟರಿಗೂ ಆಚೆ. 2023ರ ಫೆಬ್ರುವರಿ 14ರಂದು, ವಾರಿಗೆಯವರೆಲ್ಲ ಗುಲಾಬಿ ಹೂ, ಚಾಕೊಲೇಟ್ ಎಂದು ಓಡಾಡುವ ದಿನ, ಆ ಯೂನಿವರ್ಸಿಟಿಯ ವಿದ್ಯಾರ್ಥಿನಿ ಎಮ್ಮಾ ಲೆಂಬ್ಕಿ ಅಮೆರಿಕದ ಸೆನೆಟ್ಟಿನ ನ್ಯಾಯಾಂಗ ಸಮಿತಿಯ ಎದುರು ಮೈಕ್ ಮುಂದೆ ಕೂತಿದ್ದಳು. ವಿಷಯ, ಇಂಟರ್ನೆಟ್ಟಿನಲ್ಲಿ ಮಕ್ಕಳ ರಕ್ಷಣೆ. ಅದೇ ಸಾಲಿನಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಇದ್ದರು. ಮನಶ್ಶಾಸ್ತ್ರಜ್ಞರ ಸಂಘದ ವಿಜ್ಞಾನಿ, ಕಾಣೆಯಾದ ಹಾಗೂ ಶೋಷಣೆಗೊಳಗಾದ ಮಕ್ಕಳ ರಾಷ್ಟ್ರೀಯ ಕೇಂದ್ರದ ಮುಖ್ಯಸ್ಥೆ, ಪೊಲೀಸ್ ಇಲಾಖೆಯಲ್ಲಿ ಸೇವೆ ಮಾಡಿ ಬಂದ ಒಬ್ಬರು, ಮಕ್ಕಳ ಪರ ಕೆಲಸ ಮಾಡುವ ಸಂಸ್ಥೆಯ ನಿರ್ದೇಶಕರು ಕೂಡ. ಎಲ್ಲರೂ ಮಕ್ಕಳ ಬಗ್ಗೆ ಹೇಳಲು ಬಂದವರು. ಮೊನ್ನೆ ಮೊನ್ನೆಯವರೆಗೆ ತಾನೇ ಮಗುವಾಗಿದ್ದವಳು ಅವಳೊಬ್ಬಳು.

ಅಲ್ಲಿಯ ವಿಚಾರಣೆಗಳಲ್ಲಿ ಸಮಯದ ಕಟ್ಟುನಿಟ್ಟು ಜಾಸ್ತಿ. ಸಾಕ್ಷಿಯ ಕಣ್ಣೆದುರು ಪುಟ್ಟ ದೀಪದ ಪೆಟ್ಟಿಗೆ ಇರುತ್ತದೆ. ಮಾತು ಶುರುವಾದಾಗ ಹಸಿರು, ಮುಗಿಯುತ್ತ ಬಂದಾಗ ಹಳದಿ, ಐದು ನಿಮಿಷ ತುಂಬಿತೆಂದರೆ ಕೆಂಪು. ನಮ್ಮ ಸರ್ಕಲ್ಲಿನ ಸಿಗ್ನಲ್ಲಿನ ಹಾಗೇ, ಆದರೆ ಇಲ್ಲಿ ಕೆಂಪು ದೀಪಕ್ಕೆ ಜನ ನಿಜವಾಗಿಯೂ ನಿಲ್ಲುತ್ತಾರೆ. ವಿವರವನ್ನೆಲ್ಲ ಬರೆದು ಮೊದಲೇ ಸಮಿತಿಗೆ ಕೊಟ್ಟಿರಬೇಕು. ಬಾಯಲ್ಲಿ ಹೇಳಲು ಸಿಗುವುದು ಆ ಐದೇ ನಿಮಿಷ.

ಎಮ್ಮಾ ಹೇಳಿದ್ದು ತೀರ ಸಾಮಾನ್ಯವಾದ ಕಥೆ. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್‌ನಲ್ಲಿ ಬೆಳೆದ ಹುಡುಗಿ. ಆರನೇ ತರಗತಿಯ ಹೊತ್ತಿಗೆ ಗೆಳತಿಯರ ಕೈಗೆ ಫೋನು ಬಂತು. ಒಬ್ಬೊಬ್ಬರಾಗಿ ಎದುರಿಗಿದ್ದವರ ಜೊತೆ ಮಾತು ಬಿಟ್ಟು ಪರದೆಯೊಳಗೆ ಇಳಿಯತೊಡಗಿದರು. ಇವಳು ಹೊರಗೆ ನಿಂತು ನೋಡಿದಳು. ಹನ್ನೆರಡಕ್ಕೆ ಇವಳಿಗೂ ಇನ್‌ಸ್ಟಾಗ್ರಾಂ ಸಿಕ್ಕಿತು. ಸ್ವಲ್ಪ ದಿನದಲ್ಲೇ ಅದು ದಿನಕ್ಕೆ ಐದು ಗಂಟೆ ದಾಟಿತು. ಎಷ್ಟು ಲೈಕ್ ಬಂತು, ಯಾರ ಮೈಕಟ್ಟು ಹೇಗಿದೆ, ನಾನೇಕೆ ಹಾಗಿಲ್ಲ ಎನ್ನುವ ಲೆಕ್ಕ ಕೊನೆಗೆ ಊಟದ ತಟ್ಟೆಯವರೆಗೂ ಬಂತು. ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ದಿನ ಫೋನು ಗುಂಯ್ ಎಂದಿತು, ಅವಳ ಕೈ ತಾನೇ ತಾನಾಗಿ ಅದರತ್ತ ಹೋಯಿತು. ಕೈ ಹೋದದ್ದನ್ನು ಅವಳು ನೋಡಿದಳು. ಇದಕ್ಕೆ ನನ್ನ ಮೇಲೆ ಇಷ್ಟೊಂದು ಹಿಡಿತ ಬಂದದ್ದಾದರೂ ಹೇಗೆ ಎಂದು ಆಗ ತನ್ನನ್ನೇ ಕೇಳಿಕೊಂಡಳಂತೆ. 2020ರ ಜೂನ್‌ನಲ್ಲಿ, ಇನ್ನೂ ಶಾಲಾ ಹುಡುಗಿಯಾಗಿದ್ದಾಗಲೇ, ಲಾಗ್ ಆಫ್ ಎಂಬ ಯುವಜನರ ಚಳವಳಿಯೊಂದನ್ನು ಶುರುಮಾಡಿದಳು.

ಈ ಕಥೆಯಲ್ಲಿ ಕೇಡಿ ಯಾರೂ ಇಲ್ಲ ಎನ್ನುವುದನ್ನು ಗಮನಿಸಬೇಕು. ಸುಳ್ಳು ಹೆಸರಿನಲ್ಲಿ ಮೆಸೇಜು ಮಾಡಿದವನಿಲ್ಲ, ಫೋಟೊ ಕದ್ದವನಿಲ್ಲ, ಬೆದರಿಸಿದವನಿಲ್ಲ. ನಾವು ಮಕ್ಕಳಿಗೆ ಹೇಳಿಕೊಡುವ ಸುರಕ್ಷತೆಯ ಪಾಠವೆಲ್ಲ ಕೇಡಿಗಳ ಸುತ್ತಲಿನದು. ಗುರುತಿಲ್ಲದವರ ಜೊತೆ ಮಾತಾಡಬೇಡ, ಫೋಟೊ ಕಳಿಸಬೇಡ, ಓಟಿಪಿ ಹೇಳಬೇಡ. ಆ ಪಾಠ ಬೇಕೇ ಬೇಕು. ಅಂಥ ಕೇಡಿಗಳು ಇದ್ದಾರೆ, ಅವರಿಗಾಗಿ ನಮ್ಮಲ್ಲಿ ಪೋಕ್ಸೊ ಕಾಯ್ದೆ ಇದೆ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಕಲಮು ಇದೆ, ಮಕ್ಕಳ ಸಹಾಯವಾಣಿ 1098, ಸೈಬರ್ ದೂರಿಗೆ 1930 ಇವೆ. ಎಮ್ಮಾಳ ದೂರು ಬೇರೆ. ಎಲ್ಲರೂ ಒಳ್ಳೆಯವರೇ ಇದ್ದರೂ, ನಾನು ನೋಡಿದ್ದೆಲ್ಲ ಸಭ್ಯವೇ ಆಗಿದ್ದರೂ, ಆ ಯಂತ್ರದ ಕಟ್ಟೋಣವೇ ನನ್ನನ್ನು ಬಿಡದ ಹಾಗಿತ್ತು ಎನ್ನುವುದು.

ಇದನ್ನು ನನ್ನ ಮಟ್ಟಿಗೆ ನಾನು ಅರ್ಥಮಾಡಿಕೊಂಡದ್ದು ಮದುವೆ ಮನೆಯ ಪಂಕ್ತಿಯಲ್ಲಿ. ಬಾಳೆಲೆ ಊಟಕ್ಕೆ ಒಂದು ಕೊನೆ ಇದೆ. ಮಜ್ಜಿಗೆ ಬಂತೆಂದರೆ ಮುಗಿಯಿತು. ಬಡಿಸುವವರು ಎಷ್ಟೇ ಒತ್ತಾಯ ಮಾಡಲಿ, ಎಲೆ ಮಡಿಸಿದಿರೋ ಅವರ ಸೌಟು ಮುಂದಿನವರ ಕಡೆ ಹೋಗುತ್ತದೆ. ಹಿಂದೆ ಇಂಟರ್ನೆಟ್ ಕೂಡ ಹಾಗೇ ಇತ್ತು. ಪುಟದ ಬುಡಕ್ಕೆ ಬಂದರೆ 1, 2, 3 ಎಂದು ಅಂಕಿಗಳಿರುತ್ತಿದ್ದವು. ಮುಂದೆ ಹೋಗಬೇಕೋ ಬೇಡವೋ ಎಂದು ಯೋಚಿಸಲು ಅರೆಕ್ಷಣ ಸಿಗುತ್ತಿತ್ತು. 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಗಾರ ಆ ಅಂಕಿಗಳನ್ನು ತೆಗೆದುಹಾಕುವ ಉಪಾಯ ಹೂಡಿದರು. ಬೆರಳು ಕೆಳಕ್ಕೆ ಬಂದಂತೆ ಇನ್ನಷ್ಟು ತಾನಾಗಿ ಬಂದು ಕೂಡಿಕೊಳ್ಳುತ್ತದೆ. ಓದುವವರಿಗೆ ಒಂದು ಕ್ಲಿಕ್ ಉಳಿಯಲಿ ಎಂಬ ಒಳ್ಳೆಯ ಬುದ್ಧಿಯಿಂದಲೇ ಮಾಡಿದ್ದು. ಆಮೇಲೆ ಅದಕ್ಕೆ ಪಶ್ಚಾತ್ತಾಪ ಪಟ್ಟರು. ತಂತ್ರಜ್ಞಾನ ಮನುಷ್ಯನಿಗೆ ಹಿತವಾಗಿರಬೇಕು ಎಂದು ವಾದಿಸುವ ಸಂಸ್ಥೆಯೊಂದನ್ನು ಕಟ್ಟಿದವರಲ್ಲಿ ಒಬ್ಬರಾದರು. ಅಷ್ಟರಲ್ಲಿ ಉಪಾಯ ಊರಿಗೆಲ್ಲ ಹಬ್ಬಿತ್ತು. ರೀಲ್ಸ್‌ನಲ್ಲಿ ಮಜ್ಜಿಗೆ ಬರುವುದೇ ಇಲ್ಲ. ಹೋಳಿಗೆಯಾದ ಮೇಲೆ ಮತ್ತೆ ಕೋಸಂಬರಿಯಿಂದ ಶುರು. ಎಲೆ ಮಡಿಸಲು ಹೋದರೆ ಯಾರೋ ಕೈ ಹಿಡಿದುಕೊಳ್ಳುತ್ತಾರೆ. ಹಾಗೆ ಹಿಡಿಯುವ ಕೈಯೇ ನೋಟಿಫಿಕೇಷನ್. ಉಣ್ಣುವ ಮಗುವಿಗೆ ಹನ್ನೆರಡು ವರ್ಷ. ಮನೆಯವರು ಬಂದು ಬೈಯುವುದು ಮಗುವನ್ನು.

ಕಂಪನಿಗಳಿಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. 2021ರ ಸೆಪ್ಟೆಂಬರಿನಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಫೇಸ್‌ಬುಕ್ಕಿನ ಒಳಗಿನ ಕಾಗದಪತ್ರಗಳನ್ನು ಸರಣಿಯಾಗಿ ಹೊರಗೆ ತಂದಿತು. ಹದಿಹರೆಯದ ಹುಡುಗಿಯರಲ್ಲಿ ಮೂವರಿಗೊಬ್ಬರಂತೆ ತಮ್ಮ ಮೈ ಬಗ್ಗೆ ಇರುವ ಕೀಳರಿಮೆಯನ್ನು ಇನ್‌ಸ್ಟಾಗ್ರಾಂ ಇನ್ನಷ್ಟು ಹೆಚ್ಚಿಸುತ್ತದೆ ಎಂದು ಕಂಪನಿಯ ಸ್ವಂತ ಸಂಶೋಧಕರೇ ಬರೆದಿಟ್ಟಿದ್ದರು. ಆ ಕಾಗದಗಳನ್ನು ಹೊರಗೆ ತಂದ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗೆನ್ ಅಕ್ಟೋಬರಿನಲ್ಲಿ ಸೆನೆಟ್ಟಿನ ಮುಂದೆ ಬಂದು ಸಾಕ್ಷಿ ಹೇಳಿದರು. ಅದಾದ ಮೇಲೆ ವಾಷಿಂಗ್ಟನ್ನಿಗೆ ಹುಡುಗ ಹುಡುಗಿಯರ ದಂಡು ಹೊರಟಿತು.

ಈ ಪಯಣಗಳ ಬಗ್ಗೆ ಒಂದಿಷ್ಟು ಹೇಳಬೇಕು, ಏಕೆಂದರೆ ಸೆನೆಟ್ಟಿನ ವಿಚಾರಣೆಯಲ್ಲಿ ಮೈಕ್ ಮುಂದೆ ಕೂರುವ ಭಾಗ್ಯ ನೂರರಲ್ಲಿ ಒಬ್ಬರಿಗೂ ಇಲ್ಲ. ಉಳಿದವರದು ನಡಿಗೆಯ ಕೆಲಸ. ಜನಪ್ರತಿನಿಧಿಗಳ ಕಚೇರಿಗಳಿರುವ ಕಟ್ಟಡಗಳು ಸಂಸತ್ ಭವನದ ಗುಮ್ಮಟದ ಅಕ್ಕಪಕ್ಕ ಸಾಲಾಗಿವೆ. ಬ್ಯಾಗು ತಪಾಸಣೆ ಮುಗಿಸಿ, ಉದ್ದನೆಯ ಓಣಿಗಳಲ್ಲಿ ಕೋಣೆಯ ನಂಬರು ಹುಡುಕುತ್ತ ಹೋಗಬೇಕು. ಮೊದಲೇ ಗೊತ್ತುಮಾಡಿಕೊಂಡ ಭೇಟಿ ಹದಿನೈದು ನಿಮಿಷವೋ ಅರ್ಧ ಗಂಟೆಯೋ. ಎದುರಿಗೆ ಬಂದು ಕೂರುವುದು ಬಹುತೇಕ ಸೆನೆಟರ್ ಅಲ್ಲ, ಅವರ ಕಚೇರಿಯ ಸಿಬ್ಬಂದಿ. ಎಷ್ಟೋ ಸಲ ಆ ಸಿಬ್ಬಂದಿಗೂ ಇಪ್ಪತ್ತೈದರ ವಯಸ್ಸು. ಇದು ಕಡೆಗಣನೆ ಎಂದು ಹೊಸಬರಿಗೆ ಅನ್ನಿಸಬಹುದು. ಬಲ್ಲವರು ಬೇರೆ ಹೇಳುತ್ತಾರೆ: ಮಸೂದೆಯ ಪ್ರತಿ ಸಾಲನ್ನೂ ಓದುವುದು ಅವರೇ, ಸಾಹೇಬರ ಕಿವಿಗೆ ಹಾಕುವುದೂ ಅವರೇ. ನಮ್ಮ ವಿಧಾನಸೌಧದಲ್ಲಿ ಕಡತ ಓಡಾಡಿಸಿ ಬಲ್ಲ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎದ್ದು ಬರುವಾಗ ಒಂದು ಹಾಳೆ ಕೊಟ್ಟು ಬರಬೇಕು. ಎರಡಲ್ಲ, ಒಂದೇ. ನಮಗೇನು ಬೇಕು ಎನ್ನುವುದು ಆ ಹಾಳೆಯ ಮೇಲಿನ ಅರ್ಧದಲ್ಲೇ ಇರಬೇಕು.

ಆ ಹಾಳೆಯಲ್ಲಿ ಸಾಮಾನ್ಯವಾಗಿ ಇದ್ದದ್ದು ಒಂದು ಮಸೂದೆಯ ಹೆಸರು. ಮಕ್ಕಳ ಆನ್‌ಲೈನ್ ಸುರಕ್ಷಾ ಮಸೂದೆ, ಅಲ್ಲಿಯವರ ಬಾಯಲ್ಲಿ ಕೋಸಾ. ಡೆಮಾಕ್ರಟಿಕ್ ಪಕ್ಷದ ರಿಚರ್ಡ್ ಬ್ಲೂಮೆಂಥಾಲ್, ರಿಪಬ್ಲಿಕನ್ ಪಕ್ಷದ ಮಾರ್ಷಾ ಬ್ಲ್ಯಾಕ್‌ಬರ್ನ್ ಸೇರಿ 2022ರ ಫೆಬ್ರುವರಿಯಲ್ಲಿ ಮಂಡಿಸಿದ್ದು. ಹೆಚ್ಚಿನ ವಿಷಯಗಳಿಗೆ ಒಂದೇ ಬೆಂಚಿನಲ್ಲಿ ಕೂರದ ಇಬ್ಬರು ಇದಕ್ಕೆ ಕೂತರು. ಮಸೂದೆಯ ಜೀವ ಒಂದು ಮಾತಿನಲ್ಲಿದೆ: ತಯಾರಕನಿಗೆ ಎಚ್ಚರಿಕೆಯ ಹೊಣೆ. ಪಾರ್ಕಿನಲ್ಲಿ ಜೋಕಾಲಿ ಕಟ್ಟಿದವನು ಅದರ ಸರಪಳಿ ನೋಡಬೇಕಲ್ಲವೆ, ಹಾಗೆ. ಮಕ್ಕಳ ಖಾತೆ ತೆರೆದಾಗಲೇ ಅತ್ಯಂತ ಬಿಗಿಯಾದ ರಕ್ಷಣೆ ಚಾಲೂ ಇರಬೇಕು, ತಾನಾಗಿ ಓಡುವ ವಿಡಿಯೊ ನಿಲ್ಲಿಸಲು ಬರಬೇಕು, ಕಂಪ್ಯೂಟರು ಆರಿಸಿ ಬಡಿಸುವ ಸರಕು ಬೇಡವೆನ್ನಲು ದಾರಿ ಇರಬೇಕು.

ಇದಕ್ಕೊಂದು ವಿಶೇಷ ಕಾನೂನು ಬೇಕೇ ಎಂದರೆ, ಅಲ್ಲಿ ಬೇಕು. 1996ರಲ್ಲಿ ಮಾಡಿದ ಕಾನೂನಿನ 230ನೇ ಕಲಮು ಎಂಬುದೊಂದಿದೆ. ಬಳಕೆದಾರರು ಹಾಕಿದ್ದಕ್ಕೆ ವೆಬ್‌ಸೈಟ್ ನಡೆಸುವವರನ್ನು ಪ್ರಕಾಶಕರೆಂದು ಪರಿಗಣಿಸಬಾರದು ಎಂದು ಅದರ ತಾತ್ಪರ್ಯ. ಫೇಸ್‌ಬುಕ್ ಹುಟ್ಟುವ ಎಂಟು ವರ್ಷ ಮುಂಚಿನ ಮಾತು. ಅಂದಿನಿಂದ ಯಾರು ಕೋರ್ಟಿಗೆ ಹೋದರೂ ಕಂಪನಿಗಳು ಈ ಕಲಮಿನ ನೆರಳಿಗೆ ನಿಲ್ಲುತ್ತ ಬಂದವು. ಅದಕ್ಕೇ ವಕೀಲರು ಬೇರೆ ಬಾಗಿಲು ಹುಡುಕಿದರು. ಸ್ನ್ಯಾಪ್‌ಚಾಟ್‌ನಲ್ಲಿ ವಾಹನದ ವೇಗವನ್ನು ಫೋಟೊ ಮೇಲೆ ತೋರಿಸುವ ಒಂದು ಫಿಲ್ಟರ್ ಇತ್ತು. ಅತಿವೇಗದಲ್ಲಿ ಕಾರು ಓಡಿಸಿ ಹುಡುಗರು ಸತ್ತಾಗ ಹೆತ್ತವರು ದಾವೆ ಹೂಡಿದರು. ಇದು ಯಾರೋ ಹಾಕಿದ ಪೋಸ್ಟಿನ ಪ್ರಶ್ನೆ ಅಲ್ಲ, ನೀವು ಮಾಡಿದ ವಸ್ತುವಿನ ದೋಷದ ಪ್ರಶ್ನೆ ಎಂಬ ಅವರ ವಾದವನ್ನು ಮೇಲ್ಮನವಿ ನ್ಯಾಯಾಲಯ 2021ರಲ್ಲಿ ವಿಚಾರಣೆಗೆ ಯೋಗ್ಯವೆಂದು ಒಪ್ಪಿತು. 2023ರ ಅಕ್ಟೋಬರಿನಲ್ಲಿ 40ಕ್ಕೂ ಹೆಚ್ಚು ರಾಜ್ಯಗಳು ಫೇಸ್‌ಬುಕ್, ಇನ್‌ಸ್ಟಾಗ್ರಾಂ ನಡೆಸುವ ಮೆಟಾ ಕಂಪನಿಯ ಮೇಲೆ ಮೊಕದ್ದಮೆ ಹಾಕಿದಾಗಲೂ ಹಿಡಿದದ್ದು ಹೆಚ್ಚುಕಡಿಮೆ ಇದೇ ದಾರಿ. ಎಮ್ಮಾ ತನ್ನ ಕೈ ಫೋನಿನತ್ತ ಹೋದದ್ದನ್ನು ಹೇಳಿದಾಗ ಅವಳಿಗೆ ಈ ಕಲಮುಗಳೆಲ್ಲ ಬೇಕಾಗಿರಲಿಲ್ಲ. ಆದರೂ ವಕೀಲರು ಸುತ್ತಿ ಬಳಸಿ ಬಂದು ತಲುಪಿದ ಜಾಗದಲ್ಲೇ ಅವಳೂ ಇದ್ದಳು.

ಹದಿಮೂರು ವರ್ಷದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹದಿಮೂರಾದರೆ ಮಕ್ಕಳಿಗೆ ಇನ್‌ಸ್ಟಾಗ್ರಾಂ ಕೊಡಬಹುದು, ಕಂಪನಿಯೇ ಹೇಳಿದೆಯಲ್ಲ ಎನ್ನುವ ಹೆತ್ತವರು ಬಹಳ. ಆ ಅಂಕಿಯ ಹಿಂದೆ ವೈದ್ಯರಿಲ್ಲ, ಮನಶ್ಶಾಸ್ತ್ರವೂ ಇಲ್ಲ. 1998ರಲ್ಲಿ ಅಮೆರಿಕ ಮಾಡಿದ ಒಂದು ಕಾನೂನು 13ರ ಕೆಳಗಿನ ಮಕ್ಕಳ ವೈಯಕ್ತಿಕ ಮಾಹಿತಿ ಕೂಡಿಡಬೇಕಾದರೆ ಹೆತ್ತವರ ಒಪ್ಪಿಗೆ ಬೇಕು ಎಂದಿತು. ಒಪ್ಪಿಗೆ ಕೇಳುವ ರಗಳೆ ಬೇಡವೆಂದು ಕಂಪನಿಗಳು 13 ತುಂಬಿದೆಯೇ ಎಂದು ಕೇಳಿ ಕೈತೊಳೆದುಕೊಂಡವು. ಮಕ್ಕಳು ಹುಟ್ಟಿದ ಇಸವಿಯನ್ನು ಎರಡು ಸಲ ಕೆಳಕ್ಕೆ ಉರುಳಿಸಿ ದೊಡ್ಡವರಾದರು. ಗುಮಾಸ್ತಿಕೆಯ ಅನುಕೂಲಕ್ಕೆ ಹುಟ್ಟಿದ ಅಂಕಿ ಇಂದು ಜಗತ್ತಿನ ಅರ್ಧ ಮನೆಗಳಲ್ಲಿ ವೇದವಾಕ್ಯ.

ಎಲ್ಲ ಪಯಣವೂ ರಾಜಧಾನಿಗೇ ಹೋಗಬೇಕೆಂದಿಲ್ಲ. ಇಲಿನಾಯ್ ರಾಜ್ಯದಲ್ಲಿ ನಾರ್ಮಲ್ ಎಂಬ ಊರಿದೆ. ಹೆಸರು ಕೇಳಿ ನಗಬೇಡಿ, ಅಲ್ಲಿ ಶಿಕ್ಷಕರ ತರಬೇತಿಗೆಂದು ಕಟ್ಟಿದ ನಾರ್ಮಲ್ ಯೂನಿವರ್ಸಿಟಿಯಿಂದ ಬಂದ ಹೆಸರದು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿಯೂ ಮೇಷ್ಟ್ರಾಗುವವರು ನಾರ್ಮಲ್ ಸ್ಕೂಲಿಗೆ ಹೋಗುತ್ತಿದ್ದರು. ಆ ಊರಿನ ಹೈಸ್ಕೂಲ್ ಹುಡುಗಿಯೊಬ್ಬಳು ಯೂಟ್ಯೂಬ್ ಕುಟುಂಬಗಳ ಬಗ್ಗೆ ಓದಿದಳು. ಮಗು ಎದ್ದದ್ದು, ಅತ್ತದ್ದು, ಬಿದ್ದದ್ದು ಎಲ್ಲವನ್ನೂ ವಿಡಿಯೊ ಮಾಡಿ ಹಣ ಗಳಿಸುವ ಮನೆಗಳಿವೆಯಲ್ಲ, ಅವು. ಆ ಹಣದಲ್ಲಿ ಮಗುವಿನ ಪಾಲೆಷ್ಟು ಎಂದು ಕೇಳಿ ತನ್ನ ಕ್ಷೇತ್ರದ ರಾಜ್ಯ ಸೆನೆಟರ್ ಡೇವ್ ಕೋಹ್ಲರ್‌ಗೆ ಪತ್ರ ಬರೆದಳು. ಪತ್ರ ಮಸೂದೆಯಾಯಿತು. 2023ರ ಆಗಸ್ಟಿನಲ್ಲಿ ರಾಜ್ಯಪಾಲರು ಸಹಿ ಹಾಕಿದರು, 2024ರ ಜುಲೈ 1ರಿಂದ ಜಾರಿ. ಮೂವತ್ತು ದಿನಗಳ ಅವಧಿಯಲ್ಲಿ ಹಣ ತರುವ ವಿಡಿಯೊಗಳ ಪೈಕಿ ಶೇ 30ರಲ್ಲಾದರೂ ಹದಿನಾರರೊಳಗಿನ ಮಗು ಕಾಣಿಸಿಕೊಂಡರೆ, ಗಳಿಕೆಯ ಒಂದು ಪಾಲನ್ನು ಅದರ ಹೆಸರಿನಲ್ಲಿ ಇಡಬೇಕು. ಇಡದಿದ್ದರೆ ಹದಿನೆಂಟು ತುಂಬಿದ ಮೇಲೆ ಮಗುವೇ ದಾವೆ ಹೂಡಬಹುದು. ಆ ದೇಶದಲ್ಲಿ ಇಂಥ ಮೊದಲ ರಾಜ್ಯ ಕಾನೂನು ಇದು.

ಇದರ ಬೇರು ಹಳೆಯದು. ಚಾಪ್ಲಿನ್‌ನ ‘ದಿ ಕಿಡ್’ ಚಿತ್ರದ ಪುಟ್ಟ ಹುಡುಗ ಜಾಕಿ ಕೂಗನ್ ನೆನಪಿರಬಹುದು. ಅವನು ದುಡಿದದ್ದನ್ನೆಲ್ಲ ಮನೆಯವರು ಖರ್ಚು ಮಾಡಿಬಿಟ್ಟಿದ್ದರು. ದೊಡ್ಡವನಾದ ಮೇಲೆ ಕೋರ್ಟಿಗೆ ಹೋದ. ಆ ಗಲಾಟೆಯಿಂದ 1939ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬಾಲನಟರ ಹಣ ಕಾಯುವ ಕಾನೂನು ಬಂತು. ಸಿನಿಮಾದ ಮಗುವಿಗೆ ಸಿಕ್ಕ ರಕ್ಷಣೆ ಅಡುಗೆಮನೆಯಲ್ಲಿ ವಿಡಿಯೊಗೆ ನಿಲ್ಲುವ ಮಗುವಿಗೆ ಸಿಗಲು 80 ವರ್ಷಕ್ಕೂ ಮೇಲಾಯಿತು. ಅದೂ ಮೊದಲಿಗೆ ಒಂದು ರಾಜ್ಯದಲ್ಲಿ, ಒಂದು ಹುಡುಗಿ ಕಾಗದ ಬರೆದದ್ದರಿಂದ. ನಮ್ಮಲ್ಲಿ ಮೂರು ವರ್ಷದ ಕಂದನ ತೊದಲು ಕನ್ನಡಕ್ಕೆ ಲಕ್ಷಗಟ್ಟಲೆ ವೀಕ್ಷಣೆ ಬಂದು, ಹಿಂದೆಯೇ ಬೇಬಿ ಸೋಪಿನ ಜಾಹೀರಾತು ಬರುವ ಮನೆಗಳು ನಿಮಗೂ ಗೊತ್ತಿರುತ್ತವೆ.

ರಾಜಧಾನಿಯ ಪಯಣಕ್ಕೆ ಅಷ್ಟು ಸಲೀಸಾದ ಫಲ ಸಿಗಲಿಲ್ಲ. 2024ರ ಜನವರಿ 31ರಂದು ಮೆಟಾ, ಟಿಕ್‌ಟಾಕ್, ಸ್ನ್ಯಾಪ್, ಎಕ್ಸ್, ಡಿಸ್ಕಾರ್ಡ್ ಕಂಪನಿಗಳ ಮುಖ್ಯಸ್ಥರನ್ನು ಅದೇ ನ್ಯಾಯಾಂಗ ಸಮಿತಿ ಕರೆಸಿತು. ಹಿಂದಿನ ಸಾಲುಗಳಲ್ಲಿ ಮಕ್ಕಳನ್ನು ಕಳೆದುಕೊಂಡ ಹೆತ್ತವರು ಫೋಟೊ ಹಿಡಿದು ಕೂತಿದ್ದರು. ಸೆನೆಟರ್ ಒಬ್ಬರು ಪಟ್ಟು ಹಿಡಿದಾಗ ಮೆಟಾದ ಮಾರ್ಕ್ ಜುಕರ್‌ಬರ್ಗ್ ಎದ್ದು ತಿರುಗಿ, ಅವರತ್ತ ಮುಖ ಮಾಡಿ ಕ್ಷಮೆ ಕೇಳಿದರು. ಜುಲೈ 30ರಂದು ಮಸೂದೆ ಸೆನೆಟ್ಟಿನಲ್ಲಿ 91–3 ಮತಗಳಿಂದ ಪಾಸಾಯಿತು. ಕೆಳಮನೆಯಲ್ಲಿ ಮತಕ್ಕೇ ಬರಲಿಲ್ಲ. ಆ ಅವಧಿ ಮುಗಿದು ಮಸೂದೆ ಸತ್ತಿತು. 2025ರ ಮೇನಲ್ಲಿ ಮತ್ತೆ ಮಂಡನೆ.

ವಿರೋಧಿಸಿದವರೆಲ್ಲ ಕಂಪನಿಗಳ ಕಡೆಯವರು ಎಂದುಕೊಂಡಿದ್ದೆ ನಾನೂ. ಹಾಗಿಲ್ಲ. ಸೆನೆಟ್ಟಿನ ಮತಕ್ಕೆ ಕೆಲವೇ ದಿನ ಮುಂಚೆ ಅಲ್ಲಿನ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು 300ರಷ್ಟು ಹೈಸ್ಕೂಲ್ ವಿದ್ಯಾರ್ಥಿಗಳನ್ನು ಕರೆತಂದಿತ್ತು, ಅದೇ ಓಣಿಗಳಿಗೆ, ಅದೇ ಕೋಣೆಗಳಿಗೆ, ಕೈಯಲ್ಲಿ ಇನ್ನೊಂದು ಹಾಳೆ ಕೊಟ್ಟು. ಯಾವುದು ಮಕ್ಕಳಿಗೆ ಹಾನಿಕರ ಎಂದು ಸರ್ಕಾರ ತೀರ್ಮಾನಿಸತೊಡಗಿದರೆ, ಮನೆಯಲ್ಲಿ ಹೇಳಿಕೊಳ್ಳಲಾಗದ್ದನ್ನು ತಿಳಿದುಕೊಳ್ಳಲು ನಮಗಿರುವ ಒಂದೇ ಕಿಟಕಿಯೂ ಮುಚ್ಚುತ್ತದೆ ಎಂದು ಆ ಮಕ್ಕಳ ವಾದ. ಮೈನೆರೆಯುವುದರ ಬಗ್ಗೆ, ತಮ್ಮ ದೇಹದ ಬಗ್ಗೆ, ತಾವು ಬೇರೆಯವರ ಹಾಗಿಲ್ಲ ಎಂಬ ಗುಟ್ಟಿನ ಬಗ್ಗೆ ಕೇಳಲು ಮನೆಯಲ್ಲಿ ಒಬ್ಬರೂ ಇಲ್ಲದ ಮಕ್ಕಳು ನಮ್ಮಲ್ಲೂ ಕಡಿಮೆ ಇಲ್ಲ. ಈ ವಾದವನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಆದರೆ ಕಿಟಕಿ ಇರಲಿ ಎನ್ನುವುದಕ್ಕೂ, ಕಿಟಕಿಯಲ್ಲಿ ನಿಂತವನನ್ನು ಕೈಹಿಡಿದು ಎಳೆಯಬಾರದು ಎನ್ನುವುದಕ್ಕೂ ವಿರೋಧ ಎಲ್ಲಿದೆ? ಎಳೆಯುವ ಕೈಯನ್ನಷ್ಟೇ ಹಿಡಿಯುವ ಕಾನೂನು ಬರೆಯುವುದು ಕಷ್ಟ, ಒಪ್ಪುತ್ತೇನೆ. ಕ್ಯಾಲಿಫೋರ್ನಿಯಾ 2022ರಲ್ಲಿ ವಿನ್ಯಾಸಕ್ಕೆಂದೇ ಮಾಡಿದ ಕಾನೂನಿಗೂ ಮರುವರ್ಷ ಕೋರ್ಟು ತಡೆ ಕೊಟ್ಟಿತು, ವಾಕ್ ಸ್ವಾತಂತ್ರ್ಯದ ಹೆಸರಿನಲ್ಲಿ.

ಹಾಗಾದರೆ ಇಷ್ಟೆಲ್ಲ ಓಡಾಡಿ ಬಂದದ್ದೇನು? 2024ರ ಸೆಪ್ಟೆಂಬರ್ 17ರಂದು ಇನ್‌ಸ್ಟಾಗ್ರಾಂ ಹದಿಹರೆಯದವರಿಗೆ ಪ್ರತ್ಯೇಕ ಖಾತೆ ಘೋಷಿಸಿತು. ಖಾತೆ ಮೊದಲಿಂದಲೇ ಖಾಸಗಿ, ರಾತ್ರಿ ನೋಟಿಫಿಕೇಷನ್ ಬಂದ್, ಹದಿನಾರರೊಳಗಿನವರು ಇದನ್ನು ಸಡಿಲಿಸಬೇಕಾದರೆ ಹೆತ್ತವರ ಒಪ್ಪಿಗೆ. ಅದರ ಮರುದಿನವೇ ಕೆಳಮನೆಯ ಸಮಿತಿ ಕೋಸಾ ಮಸೂದೆಯನ್ನು ಕೈಗೆತ್ತಿಕೊಳ್ಳುವುದಿತ್ತು. ಕಾಕತಾಳೀಯ ಎನ್ನುವವರು ಎನ್ನಲಿ. 2025ರ ಫೆಬ್ರುವರಿಯಲ್ಲಿ ಆ ಖಾತೆ ಭಾರತಕ್ಕೂ ಬಂತು. ಮಂಡ್ಯದ ಹುಡುಗಿಯ ಫೋನು ರಾತ್ರಿ ಹತ್ತಕ್ಕೆ ಸುಮ್ಮನಾಗುವುದರಲ್ಲಿ ಅಷ್ಟು ದೂರದ ಯಾರದೋ ಐದು ನಿಮಿಷದ ಪಾಲಿದೆ.

ಮಂಡ್ಯದ ಮಾತು ಬಂತು. ಆ ಜಿಲ್ಲೆಯ ಹಲ್ಲೇಗೆರೆ ಮೂಲದ ವಿವೇಕ್ ಮೂರ್ತಿ ಆಗ ಅಮೆರಿಕದ ಸರ್ಜನ್ ಜನರಲ್, ಎಂದರೆ ದೇಶದ ಆರೋಗ್ಯದ ಬಗ್ಗೆ ಜನರಿಗೆ ಎಚ್ಚರಿಕೆ ಹೇಳುವ ದೊಡ್ಡ ಡಾಕ್ಟರು. 2023ರ ಮೇನಲ್ಲಿ ಅವರು ಮಕ್ಕಳು ಮತ್ತು ಸಾಮಾಜಿಕ ಜಾಲತಾಣಗಳ ಬಗ್ಗೆ ಸಲಹಾಪತ್ರ ಹೊರಡಿಸಿದರು. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಅದರಲ್ಲಿರುವ ಹದಿಹರೆಯದವರಿಗೆ ಖಿನ್ನತೆ, ಆತಂಕದ ಲಕ್ಷಣಗಳ ಅಪಾಯ ಎರಡು ಪಟ್ಟು ಎಂಬ ಅಧ್ಯಯನವನ್ನು ಅದರಲ್ಲಿ ಎತ್ತಿ ತೋರಿಸಿದ್ದರು. ಲಾಭಗಳನ್ನೂ ಬರೆದಿದ್ದರು, ಒಂಟಿಯಾದ ಮಕ್ಕಳಿಗೆ ಸಿಗುವ ಆಸರೆಯನ್ನು ಸೇರಿಸಿ. ಮರುವರ್ಷ ಜೂನ್‌ನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಿಗರೇಟು ಪ್ಯಾಕಿನ ಮೇಲಿರುವಂಥ ಎಚ್ಚರಿಕೆ ಈ ಆ್ಯಪ್‌ಗಳ ಮೇಲೂ ಬರಲಿ ಎಂದರು. ಅದಕ್ಕೂ ಸಂಸತ್ತೇ ಕಾನೂನು ಮಾಡಬೇಕು. ದೊಡ್ಡ ಡಾಕ್ಟರಿಗೂ ಹೈಸ್ಕೂಲ್ ಹುಡುಗಿಗೂ ಹೋಗಿ ತಟ್ಟಬೇಕಾದ ಬಾಗಿಲು ಒಂದೇ.

ನಮ್ಮ ಬಾಗಿಲು ಎಲ್ಲಿದೆ? 2023ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಮೇಲ್ಮನವಿಯೊಂದನ್ನು ಕೇಳುತ್ತಿದ್ದಾಗ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಗಳು, ಶಾಲೆಗೆ ಹೋಗುವ ಮಕ್ಕಳಿಗೆ ಇದರ ಚಟ ಹತ್ತಿದೆ, ಅಬಕಾರಿ ನಿಯಮದಲ್ಲಿರುವ ಹಾಗೆ ಇದಕ್ಕೂ ವಯಸ್ಸಿನ ಮಿತಿ ಇದ್ದರೆ ಒಳ್ಳೆಯದು ಎಂದು ಬಾಯಿಮಾತಿನಲ್ಲಿ ಹೇಳಿದರು. 2025ರ ಏಪ್ರಿಲ್‌ನಲ್ಲಿ ಹದಿಮೂರರೊಳಗಿನವರಿಗೆ ನಿಷೇಧ ಬೇಕೆಂಬ ಅರ್ಜಿ ಬಂದಾಗ, ಅದು ನೀತಿ ನಿರೂಪಣೆಯ ವಿಷಯ ಎಂದು ಸುಪ್ರೀಂ ಕೋರ್ಟ್ ಕೈಬಿಟ್ಟಿತು. ಕಾನೂನು ಅಂತ ಇರುವುದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ಕಾಗದದ ಮೇಲೆ ಅದು ಅಮೆರಿಕದ್ದಕ್ಕಿಂತ ಬಿಗಿ. ಹದಿನೆಂಟರೊಳಗಿನವರೆಲ್ಲ ಮಕ್ಕಳು. ಅವರ ಮಾಹಿತಿ ಮುಟ್ಟಲು ಹೆತ್ತವರ ಒಪ್ಪಿಗೆ ಬೇಕು. ಅವರ ಬೆನ್ನುಹತ್ತಿ ಅಭ್ಯಾಸ ಗಮನಿಸುವಂತಿಲ್ಲ, ಗುರಿಯಿಟ್ಟು ಜಾಹೀರಾತು ತೋರಿಸುವಂತಿಲ್ಲ. ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಬಂದದ್ದು 2025ರ ನವೆಂಬರಿನಲ್ಲಿ, ಮುಖ್ಯವಾದವುಗಳ ಜಾರಿಗೆ 18 ತಿಂಗಳ ಕಾಲಾವಕಾಶ ಕೊಟ್ಟು.

ಹೆತ್ತವರ ಒಪ್ಪಿಗೆ ಎಂಬುದು ನಮ್ಮ ಮನೆಗಳಲ್ಲಿ ಹೇಗೆ ನಡೆಯುತ್ತದೆ ಎಂದು ನಾನು ಪಕ್ಕದ ಮನೆಯಲ್ಲಿ ನೋಡಿದ್ದೇನೆ. ಓಟಿಪಿ ಬರುವುದು ಅಪ್ಪನ ಫೋನಿಗೆ. ಅಪ್ಪನ ಫೋನು ಇರುವುದು ಮಗಳ ಕೈಯಲ್ಲಿ. ಗ್ಯಾಸ್ ಬುಕ್ ಮಾಡುವುದು, ಕರೆಂಟ್ ಬಿಲ್ ಕಟ್ಟುವುದು, ಊರಿನ ಅಜ್ಜಿಗೆ ವಿಡಿಯೊ ಕಾಲ್ ಹಚ್ಚಿಕೊಡುವುದು, ಎಲ್ಲ ಅವಳೇ. ಒಪ್ಪಿಗೆ ಕೊಡುವವಳೂ ಪಡೆಯುವವಳೂ ಒಬ್ಬಳೇ ಆದಾಗ ಕಾನೂನು ಏನು ಮಾಡೀತು? 2024ರ ‘ಅಸರ್’ ಶಿಕ್ಷಣ ಸಮೀಕ್ಷೆಯಲ್ಲಿ ಗ್ರಾಮೀಣ ಭಾರತದ 14ರಿಂದ 16ರ ಮಕ್ಕಳ ಪೈಕಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಗೊತ್ತಿತ್ತು. ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಅವರಲ್ಲಿ ಶೇ 57, ಸಾಮಾಜಿಕ ಜಾಲತಾಣಕ್ಕೆ ಶೇ 76. ಜಾಲತಾಣದಲ್ಲಿದ್ದವರ ಪೈಕಿ ಕಾಟ ಕೊಡುವ ಖಾತೆಯನ್ನು ಬ್ಲಾಕ್ ಮಾಡಲು ಅಥವಾ ದೂರಲು ಗೊತ್ತಿದ್ದವರು ಶೇ 62, ಖಾತೆಯನ್ನು ಖಾಸಗಿ ಮಾಡಿಕೊಳ್ಳಲು ಗೊತ್ತಿದ್ದವರು ಶೇ 55. ಕೈ ಮೀರಿದ ಮಕ್ಕಳಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ‘ಶಟ್’ ಕ್ಲಿನಿಕ್ ಇದೆ. ಅಲ್ಲಿಗೆ ಹೋಗುವುದು ಮಗು. ಆ್ಯಪ್ ಮಾಡಿದವರನ್ನು ಯಾವ ಕ್ಲಿನಿಕ್ಕಿಗೂ ಯಾರೂ ಕರೆದುಕೊಂಡು ಹೋಗುವುದಿಲ್ಲ.

ಮಕ್ಕಳೇ ಹೋಗಿ ದೊಡ್ಡವರನ್ನು ಕೇಳುವ ಪರಿಪಾಠ ಅಮೆರಿಕದ್ದೇ ಎಂದು ಯಾರಾದರೂ ಅಂದುಕೊಂಡರೆ ನಾನು ಕುಂದಾಪುರದ ದಾರಿ ತೋರಿಸುತ್ತೇನೆ. 1995ರ ಸುಮಾರಿಗೇ ಆ ತಾಲ್ಲೂಕಿನ ಕೆರಾಡಿಯಂಥ ಹಳ್ಳಿಗಳಲ್ಲಿ ಮಕ್ಕಳ ಪಂಚಾಯತಿ ನಡೆದಿತ್ತು. 1996ರಲ್ಲಿ ದುಡಿಯುವ ಮಕ್ಕಳ ಮೊದಲ ಅಂತರರಾಷ್ಟ್ರೀಯ ಸಭೆ ಸೇರಿದ್ದು ಕುಂದಾಪುರದಲ್ಲಿ. ಆಫ್ರಿಕಾ, ಲ್ಯಾಟಿನ್ ಅಮೆರಿಕಗಳಿಂದ ಮಕ್ಕಳು ಅಷ್ಟು ದೂರ ಪಯಣ ಮಾಡಿ ಬಂದಿದ್ದರು. ಅಲ್ಲಿ ಅವರು ಬರೆದ ಹತ್ತು ಅಂಶಗಳಲ್ಲಿ ಒಂದು, ತಮಗೆ ಸಂಬಂಧಿಸಿದ ತೀರ್ಮಾನಗಳಲ್ಲಿ ತಮ್ಮನ್ನೂ ಕೇಳಬೇಕು ಎಂಬುದು. ಅಮೆರಿಕದ ಸಂಸತ್ತು 230ನೇ ಕಲಮು ಬರೆದ ವರ್ಷವೂ ಅದೇ. ಇಂದು ರಾಜ್ಯದ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಮಕ್ಕಳ ಗ್ರಾಮಸಭೆ ನಡೆಸಬೇಕು, ನಡೆಸುತ್ತವೆ ಕೂಡ. ಮಕ್ಕಳು ಶೌಚಾಲಯ ಕೇಳುತ್ತಾರೆ, ಶಾಲೆಗೆ ಕಾಂಪೌಂಡ್ ಕೇಳುತ್ತಾರೆ, ಬೆಳಗಿನ ಬಸ್ಸು ಕೇಳುತ್ತಾರೆ.

ಅಂಥದ್ದೊಂದು ಸಭೆಗೆ ನಾನೂ ಒಮ್ಮೆ ಹೋಗಿದ್ದೆ, ಯಾವ ಊರೆಂಬುದು ಬೇಡ. ಶಾಮಿಯಾನದ ಕೆಳಗೆ ನೀಲಿ ಕುರ್ಚಿಗಳು, ಮೇಜಿನ ಮೇಲೆ ನೀರಿನ ಬಾಟಲಿ, ಸ್ವಾಗತ ಭಾಷಣಕ್ಕೇ ಮುಕ್ಕಾಲು ಗಂಟೆ. ಕೊನೆಗೆ ಮಕ್ಕಳ ಸರದಿ. ಎಂಟನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಕೈಯಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆ, ನಾಲ್ಕು ಮಡಿಕೆಯದು. ಓದಿ ಒಪ್ಪಿಸುವ ಧಾಟಿಯಲ್ಲಿ ಶುರುಮಾಡಿ, ಅರ್ಧಕ್ಕೆ ಹಾಳೆ ಬಿಟ್ಟು ವೇದಿಕೆಯತ್ತ ನೋಡಿಯೇ ಹೇಳಿದಳು: “ಸಾರ್, ಹೋಮ್‌ವರ್ಕ್ ವಾಟ್ಸಾಪ್‌ಗೆ ಹಾಕ್ತೀರಿ. ಅದನ್ನ ನೋಡೋಕೆ ಹೋದ್ರೆ ಬೇರೆ ಏನೇನೋ ತಾನಾಗೇ ಬರುತ್ತೆ. ಆಮೇಲೆ ಮೊಬೈಲ್ ಹಿಡೀಬೇಡಿ ಅಂತ ನಮಗೇ ಬೈತೀರಿ. ಅದು ಬರದೇ ಇರೋ ಹಾಗೆ ಮಾಡೋರು ಯಾರು ಸಾರ್?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ವೇದಿಕೆಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಳ್ಳೆಯ ಪ್ರಶ್ನೆ, ಚಪ್ಪಾಳೆ ಹೊಡೀರಿ ಎಂದರು ಒಬ್ಬರು. ಚಪ್ಪಾಳೆ ಬಿತ್ತು. ಸಭೆ ಮುಗಿದ ಮೇಲೆ ನಾನು ನಡಾವಳಿ ಪುಸ್ತಕದಲ್ಲಿ ಇಣುಕಿ ನೋಡಿದೆ. ದುಂಡನೆಯ ಅಕ್ಷರದಲ್ಲಿ ಏಳನೇ ಅಂಶವಾಗಿ ಬರೆದಿತ್ತು: ‘ಮೊಬೈಲ್ ಬಳಕೆಯ ದುಷ್ಪರಿಣಾಮಗಳ ಕುರಿತು ಮಕ್ಕಳಲ್ಲಿ ಅರಿವು ಮೂಡಿಸುವುದು.’